ಎಲ್ಲರಿಗೂ ಒಂದೇ ಸೈಕಲ್

ಬಾಡಿಗೆ ಸೈಕಲ್ ಅಂಗಡಿಗಳ ಕಾಲವನ್ನು ಕಂಡವರಿಗೆ ಒಂದು ಸಂಗತಿ ಚೆನ್ನಾಗಿ ನೆನಪಿರುತ್ತದೆ. ಗಂಟೆಯ ಲೆಕ್ಕದಲ್ಲಿ ಸಿಗುತ್ತಿದ್ದ ಆ ಸೈಕಲ್ಲುಗಳೆಲ್ಲ ಹೆಚ್ಚುಕಡಿಮೆ ಒಂದೇ ತೆರನವು. ಹಿಂದಿನ ಮಡ್‌ಗಾರ್ಡಿನ ಮೇಲೆ ಬಣ್ಣದಲ್ಲಿ ಬರೆದ ನಂಬರಷ್ಟೇ ವ್ಯತ್ಯಾಸ. ಹುಡುಗರು ಅವುಗಳ ಮೇಲೆ ಪಂದ್ಯ ಕಟ್ಟಿದರೆ ಸೋತವನು ಸೈಕಲ್ಲನ್ನು ದೂರಿ ಪಾರಾಗುವಂತಿರಲಿಲ್ಲ. ಡಾಕ್ಟರ ಮಗನಿಗೂ ಹಮಾಲರ ಮಗನಿಗೂ ಸಿಗುತ್ತಿದ್ದುದು ಅದೇ ಸೈಕಲ್ಲು, ಅದೇ ಸವೆದ ಬ್ರೇಕು. ಗೆದ್ದರೆ ಕಾಲಿನ ಬಲದಿಂದ, ಸೋತರೆ ಕಾಲಿನ ದೋಷದಿಂದ.

ಇದೇ ತತ್ವವನ್ನು ಕಟ್ಟುನಿಟ್ಟಿನ ನಿಯಮವಾಗಿಸಿಕೊಂಡು ಅಮೆರಿಕದ ಒಂದು ವಿಶ್ವವಿದ್ಯಾನಿಲಯ ಏಳು ದಶಕಗಳಿಗೂ ಹೆಚ್ಚು ಕಾಲದಿಂದ ಸೈಕಲ್ ಸ್ಪರ್ಧೆ ನಡೆಸಿಕೊಂಡು ಬಂದಿದೆ. ಇಂಡಿಯಾನಾ ರಾಜ್ಯದ ಬ್ಲೂಮಿಂಗ್ಟನ್ ಪಟ್ಟಣದಲ್ಲಿ ಪ್ರತಿ ಏಪ್ರಿಲ್ ತಿಂಗಳಲ್ಲಿ ನಡೆಯುವ ಈ ಓಟದ ಹೆಸರು 'ಲಿಟಲ್ 500'. ಕಾಲೇಜು ಹುಡುಗರ ಸೈಕಲ್ ಓಟ ನೋಡಲು ಅಲ್ಲಿ ಸುಮಾರು 25 ಸಾವಿರ ಜನ ಸೇರುತ್ತಾರೆಂದರೆ ಅದರ ಜನಪ್ರಿಯತೆಯನ್ನು ಊಹಿಸಬಹುದು. ಅದರ ಚರಿತ್ರೆ ಬರೀ ಗೆದ್ದವರ ಪಟ್ಟಿಯಲ್ಲ. ಸೈಕಲ್ಲು ಎಲ್ಲರಿಗೂ ಒಂದೇ ಆಗಬಹುದು. ಆದರೆ ಓಟ ಆರಂಭವಾಗುವ ಗೆರೆಯವರೆಗೆ ಬರಲು ಯಾರಿಗೆ ಅವಕಾಶ ಎಂಬ ಪ್ರಶ್ನೆಯ ಚರಿತ್ರೆಯೂ ಅದರಲ್ಲಿದೆ.

ತಂದೆಯ ಓಟ, ಮಗನ ಓಟ

ಇಂಡಿಯಾನಾದ ರಾಜಧಾನಿ ಇಂಡಿಯಾನಾಪೊಲಿಸ್ ಮೋಟಾರು ಕಾರುಗಳ ಓಟಕ್ಕೆ ಜಗತ್ಪ್ರಸಿದ್ಧ. 1911ರಲ್ಲಿ ಆರಂಭವಾದ 'ಇಂಡಿಯಾನಾಪೊಲಿಸ್ 500' ಸ್ಪರ್ಧೆಯಲ್ಲಿ ಎರಡೂವರೆ ಮೈಲಿಯ ಪಥವನ್ನು 200 ಸಲ ಸುತ್ತಬೇಕು. ಒಟ್ಟು 500 ಮೈಲಿ. ಸಾಂಪ್ರದಾಯಿಕವಾಗಿ ಕಣದಲ್ಲಿರುವ ಕಾರುಗಳು 33. 1919ರಲ್ಲಿ ಈ ಓಟವನ್ನು ಗೆದ್ದವರು ಹೌಡಿ ವಿಲ್ಕಾಕ್ಸ್ ಎಂಬ ಚಾಲಕ. ನಾಲ್ಕೇ ವರ್ಷಗಳ ಅನಂತರ, 1923ರಲ್ಲಿ, ಪೆನ್ಸಿಲ್ವೇನಿಯಾದ ಆಲ್ಟೂನಾದಲ್ಲಿ ನಡೆದ ಇನ್ನೊಂದು ಓಟದಲ್ಲಿ ಅವರು ಅಪಘಾತಕ್ಕೀಡಾಗಿ ತೀರಿಕೊಂಡರು.

ತಂದೆಯ ಹೆಸರನ್ನೇ ಹೊತ್ತ ಮಗ ಹೌಡಿ ವಿಲ್ಕಾಕ್ಸ್ ಮುಂದೆ ಇಂಡಿಯಾನಾ ವಿಶ್ವವಿದ್ಯಾನಿಲಯದ ನಿಧಿ ಸಂಗ್ರಹ ಪ್ರತಿಷ್ಠಾನದ ಮುಖ್ಯಸ್ಥರಾದರು. ಓದಿನ ಜೊತೆಗೆ ದುಡಿಮೆಯನ್ನೂ ಮಾಡಿ ಶುಲ್ಕ ಕಟ್ಟುತ್ತಿದ್ದ ವಿದ್ಯಾರ್ಥಿಗಳಿಗೆ ವಿದ್ಯಾರ್ಥಿವೇತನ ಒದಗಿಸಲು ಹಣ ಬೇಕಾಗಿತ್ತು. ಹಾಸ್ಟೆಲಿನ ಹುಡುಗರು ಕಟ್ಟಡದ ಸುತ್ತ ಸೈಕಲ್ ಓಡಿಸಿ ಪಂದ್ಯವಾಡುವುದನ್ನು ಕಂಡಾಗ ಅವರಿಗೆ ಉಪಾಯ ಹೊಳೆಯಿತು. ತಂದೆ ಗೆದ್ದ ಓಟವನ್ನೇ ಮಗ ಹತ್ತನೇ ಒಂದು ಪಾಲಿಗೆ ಇಳಿಸಿದರು. ಎರಡೂವರೆ ಮೈಲಿಯ ಪಥದ ಬದಲು ಕಾಲು ಮೈಲಿಯ ಪಥ. ಸುತ್ತುಗಳು ಅದೇ 200. ಒಟ್ಟು ದೂರ 50 ಮೈಲಿ, ಅಂದರೆ ಸುಮಾರು 80 ಕಿಲೋಮೀಟರ್. 33 ಕಾರುಗಳ ಬದಲು 33 ತಂಡಗಳು. ಮೊದಲ ಓಟ 1951ರಲ್ಲಿ ನಡೆಯಿತು.

ಮೂವತ್ತಮೂರು ಕಾರುಗಳು ನಿಲ್ಲುವ ಹಾಗೆಯೇ ತಂಡಗಳೂ ಸಾಲಿಗೆ ಮೂರರಂತೆ ಹನ್ನೊಂದು ಸಾಲುಗಳಲ್ಲಿ ನಿಲ್ಲುತ್ತವೆ. ಇಲ್ಲಿ ಪೆಟ್ರೋಲಿನ ವಾಸನೆಯಿಲ್ಲ, ಅಬ್ಬರವಿಲ್ಲ. ದುಡಿಮೆಯೆಲ್ಲ ತೊಡೆ, ಮೀನಖಂಡಗಳದ್ದು.

ಓಟದ ಲೆಕ್ಕಾಚಾರ

ಒಂದು ತಂಡದಲ್ಲಿ ನಾಲ್ವರು ಸವಾರರು. ಒಬ್ಬ ಓಡಿಸುತ್ತಿದ್ದರೆ ಉಳಿದವರು ಪಥದ ಅಂಚಿನಲ್ಲಿ ಕಾಯುತ್ತಾರೆ. ದಣಿದವನು ಧಾವಿಸಿ ಬಂದು ಸೈಕಲ್ಲಿನಿಂದ ಹಾರಿಕೊಳ್ಳಬೇಕು. ಸೈಕಲ್ಲು ನಿಲ್ಲುವ ಮೊದಲೇ ಮುಂದಿನವನು ಅದರ ಜೊತೆ ಓಡುತ್ತಾ ಹ್ಯಾಂಡಲ್ ಹಿಡಿದು ಸೀಟಿಗೆ ನೆಗೆಯಬೇಕು. ರಿಲೇ ಓಟದಲ್ಲಿ ಕೋಲು ಕೈ ಬದಲಾಯಿಸಿದಂತೆ ಇಲ್ಲಿ ಇಡೀ ಸೈಕಲ್ಲೇ ಕೈ ಬದಲಾಗುತ್ತದೆ. ಪುರುಷರ ಓಟದಲ್ಲಿ ಪ್ರತಿ ತಂಡವೂ ಕನಿಷ್ಠ ಹತ್ತು ಸಲ ಸವಾರರನ್ನು ಬದಲಾಯಿಸಲೇಬೇಕು. ಈ ಬದಲಾವಣೆಯಲ್ಲಿ ಕಳೆದುಕೊಂಡ ಎರಡು ಮೂರು ಸೆಕೆಂಡನ್ನು ಮರಳಿ ಗಳಿಸಲು ಆಮೇಲೆ ಹಲವು ಸುತ್ತು ಬೆವರು ಸುರಿಸಬೇಕಾಗುತ್ತದೆ. ಆದ್ದರಿಂದಲೇ ತಂಡಗಳು ಹಾರುವುದನ್ನೂ ಹತ್ತುವುದನ್ನೂ ತಿಂಗಳುಗಟ್ಟಲೆ ಅಭ್ಯಾಸ ಮಾಡುತ್ತವೆ. ಚಳಿಗಾಲದಲ್ಲಿ ಹಿಮ ಬಿದ್ದಾಗ ಒಳಗೆ ಉರುಳೆಗಳ ಮೇಲೆ ಸೈಕಲ್ಲಿಟ್ಟು, ಇದ್ದಲ್ಲಿಯೇ ತುಳಿಯುತ್ತಾರೆ.

ಸೈಕಲ್ಲನ್ನು ತಂಡಗಳು ತಮಗೆ ಬೇಕಾದಂತೆ ತರುವಂತಿಲ್ಲ. ಸಂಘಟಕರು ಗೊತ್ತುಪಡಿಸಿದ ಒಂದೇ ಮಾದರಿಯ ಸೈಕಲ್ಲನ್ನೇ ಎಲ್ಲರೂ ಬಳಸಬೇಕು. ಅದಕ್ಕೆ ಗೇರುಗಳಿಲ್ಲ. ಹ್ಯಾಂಡಲ್ಲಿನಲ್ಲಿ ಬ್ರೇಕೂ ಇಲ್ಲ. ಪೆಡಲನ್ನು ಹಿಮ್ಮುಖವಾಗಿ ಒತ್ತಿದರೆ ಹಿಂದಿನ ಗಾಲಿ ಹಿಡಿದುಕೊಳ್ಳುತ್ತದೆ. ಮುಂದಿನ ಹಲ್ಲುಚಕ್ರಕ್ಕೆ 46 ಹಲ್ಲು, ಹಿಂದಿನದಕ್ಕೆ 18. ಅಂದರೆ ಪೆಡಲು ಒಂದು ಸುತ್ತು ತಿರುಗಿದರೆ ಗಾಲಿ ಎರಡೂವರೆ ಸುತ್ತಿಗಿಂತ ತುಸು ಹೆಚ್ಚು ತಿರುಗಿ ಸವಾರ ಐದು ಮೀಟರಿಗೂ ಮೀರಿ ಮುಂದೆ ಸಾಗುತ್ತಾನೆ. ಓಟ ಮುಗಿಯಲು ಎರಡು ಗಂಟೆಗಿಂತ ಸ್ವಲ್ಪ ಹೆಚ್ಚು ಸಮಯ ಹಿಡಿಯುತ್ತದೆ. ಲೆಕ್ಕ ಹಾಕಿ ನೋಡಿದರೆ, ಆ ವೇಗ ಕಾಯ್ದುಕೊಳ್ಳಲು ನಿಮಿಷಕ್ಕೆ ನೂರಕ್ಕೂ ಹೆಚ್ಚು ಸಲ ಪೆಡಲು ತಿರುಗಿಸಬೇಕು! ಇಂದಿನ ರೇಸಿಂಗ್ ಸೈಕಲ್ಲಿನಲ್ಲಿ ಏರಿಗೊಂದು, ಇಳಿಜಾರಿಗೊಂದು ಗೇರಿರುತ್ತದೆ. ಇಲ್ಲಿ ವೇಗ ಹೆಚ್ಚಿಸಲು ಇರುವ ದಾರಿ ಒಂದೇ, ಕಾಲನ್ನು ಇನ್ನೂ ಬೇಗ ಆಡಿಸುವುದು.

ಪಥವೂ ಡಾಂಬರಿನದಲ್ಲ. ಸುಟ್ಟ ಕಲ್ಲಿದ್ದಲ ಕಿಟ್ಟವನ್ನು ಪುಡಿ ಮಾಡಿ ಹಾಸಿದ ಹಳೆಯ ಕಾಲದ ಓಟದ ಪಥ ಅದು. ತಿರುವಿನಲ್ಲಿ ಗಾಲಿ ಜಾರುತ್ತದೆ. ಒಬ್ಬ ಬಿದ್ದರೆ ಹಿಂದಿನ ನಾಲ್ಕೈದು ಮಂದಿ ಅವನ ಮೇಲೆ ಬೀಳುವುದು ಸಾಮಾನ್ಯ.

ಗಾಳಿಯೆಂಬ ಎದುರಾಳಿ

ಇಷ್ಟು ಸರಳ ಸೈಕಲ್ಲು, ದುಂಡನೆಯ ಪಥ. ಹಾಗಾದರೆ ಬಲಿಷ್ಠನಾದವನೇ ಗೆಲ್ಲಬೇಕಲ್ಲ ಎಂದು ಯಾರಿಗಾದರೂ ಅನ್ನಿಸಬಹುದು. ಯಾವಾಗಲೂ ಹಾಗಾಗುವುದಿಲ್ಲ. ಅದಕ್ಕೆ ಕಾರಣ ಗಾಳಿ.

ಸಮತಟ್ಟಾದ ನೆಲದಲ್ಲಿ ವೇಗವಾಗಿ ಸಾಗುವ ಸವಾರನ ಶಕ್ತಿಯಲ್ಲಿ ಬಹುಪಾಲು ವೆಚ್ಚವಾಗುವುದು ಗಾಳಿಯನ್ನು ಸೀಳುವುದಕ್ಕೆ. ವೇಗ ಇಮ್ಮಡಿಯಾದರೆ ಗಾಳಿಯ ತಡೆ ನಾಲ್ಕು ಪಟ್ಟಾಗುತ್ತದೆ. ಆ ತಡೆಯನ್ನು ಮೀರಲು ಬೇಕಾಗುವ ಕಸುವು ಎಂಟು ಪಟ್ಟು. ಆದರೆ ಮುಂದಿನವನ ಹಿಂಗಾಲಿಗೆ ಅಂಟಿಕೊಂಡಂತೆ ಸಾಗಿದರೆ ಗಾಳಿಯ ಹೊಡೆತ ಅವನಿಗೆ, ನೆರಳು ಇವನಿಗೆ. ಹೀಗೆ ಸಾಗುವವನಿಗೆ ಸುಮಾರು ಕಾಲು ಭಾಗದಿಂದ ಮೂರನೇ ಒಂದು ಭಾಗದಷ್ಟು ಶ್ರಮ ಉಳಿತಾಯವಾಗುತ್ತದೆ. ಹೀಗಾಗಿ ಗುಂಪಿನಲ್ಲಿ ಯಾರಿಗೂ ಮೊದಲಿಗನಾಗುವ ಆತುರವಿರುವುದಿಲ್ಲ. ಮುಂದಾಳತ್ವ ವಹಿಸಿದವನು ಇತರರಿಗಾಗಿ ದುಡಿಯುತ್ತಾನೆ, ಹಿಂಬಾಲಿಸಿದವನು ಕೊನೆಯ ಸುತ್ತಿಗಾಗಿ ಕಸುವು ಕೂಡಿಡುತ್ತಾನೆ.

ಇನ್ನೊಂದು ಮಾರ್ಗ ಗುಂಪಿನಿಂದ ಕಿತ್ತುಕೊಂಡು ಒಂಟಿಯಾಗಿ ಓಡಿಬಿಡುವುದು. ಇದು ಸಾಹಸ, ಜೂಜೂ ಹೌದು. ಗಾಳಿಯನ್ನು ಒಬ್ಬನೇ ಎದುರಿಸಬೇಕು. ಹಿಂದಿನ ಗುಂಪು ಒಗ್ಗಟ್ಟಾಗಿ ಬೆನ್ನಟ್ಟಿದರೆ ಸಿಕ್ಕಿಬೀಳುವುದು ಬಹುಮಟ್ಟಿಗೆ ಖಂಡಿತ. ಆದರೆ ಹಿಂದಿನವರು 'ನೀನು ಮುಂದೆ ಹೋಗು, ನೀನು ಮುಂದೆ ಹೋಗು' ಎಂದು ಒಬ್ಬರ ಮುಖ ಒಬ್ಬರು ನೋಡುತ್ತ ಕುಳಿತರೆ ಓಡಿದವನು ಗೆದ್ದಂತೆಯೇ. ಈ ಓಟದ ಕುರಿತ ಪ್ರಸಿದ್ಧ ಚಲನಚಿತ್ರಕ್ಕೆ ಹೀಗೆ ಕಿತ್ತುಕೊಂಡು ಓಡುವುದೇ ಹೆಸರಾಗಿದೆ. ಆ ಚಿತ್ರದ ವಿಷಯಕ್ಕೆ ಮುಂದೆ ಬರೋಣ.

ಕೇಂಬ್ರಿಡ್ಜಿನ ಸವಾರ

ಕಾಲೇಜುಗಳ ಸೈಕಲ್ ಸ್ಪರ್ಧೆ ಅಮೆರಿಕದಲ್ಲಿ ಹುಟ್ಟಿದ್ದಲ್ಲ. ಮುಂದೆ ಆಳೆತ್ತರದ ಗಾಲಿ, ಹಿಂದೆ ಪುಟ್ಟ ಗಾಲಿಯಿದ್ದ ಸೈಕಲ್ಲುಗಳ ಕಾಲದಲ್ಲಿಯೇ, 1870ರ ದಶಕದಲ್ಲಿ, ಇಂಗ್ಲೆಂಡಿನ ಆಕ್ಸ್‌ಫರ್ಡ್ ಮತ್ತು ಕೇಂಬ್ರಿಡ್ಜ್ ವಿದ್ಯಾರ್ಥಿಗಳು ಪರಸ್ಪರ ಸ್ಪರ್ಧೆಗಿಳಿದಿದ್ದರು. ಕೇಂಬ್ರಿಡ್ಜಿನ ಹಿರಿಮೆಯ ಸವಾರ ಅಯಾನ್ ಕೀತ್-ಫಾಕನರ್. ಸ್ಕಾಟ್ಲೆಂಡಿನ ಶ್ರೀಮಂತ ಕುಲೀನ ಮನೆತನದ ಮಗ. 1882ರಲ್ಲಿ ಆತ ಬ್ರಿಟನ್ನಿನ ನೈಋತ್ಯ ತುದಿಯಾದ ಲ್ಯಾಂಡ್ಸ್ ಎಂಡ್‌ನಿಂದ ಉತ್ತರದ ತುದಿಯಾದ ಜಾನ್ ಓ ಗ್ರೋಟ್ಸ್‌ವರೆಗೆ, ಸುಮಾರು ಸಾವಿರ ಮೈಲಿಯನ್ನು, ಹದಿಮೂರು ದಿನಗಳಲ್ಲಿ ಕ್ರಮಿಸಿದ.

ಕನ್ನಡ ಓದುಗರಿಗೆ ಈತ ಇನ್ನೊಂದು ಕಾರಣಕ್ಕೂ ಹತ್ತಿರದವನು. ನಮ್ಮ ಪಂಚತಂತ್ರ ಪಹ್ಲವಿ ಭಾಷೆಗೆ ಹೋಗಿ, ಅಲ್ಲಿಂದ ಅರಬ್ಬಿ, ಸಿರಿಯಾಕ್ ಭಾಷೆಗಳಿಗೆ ಇಳಿದು, ಕರಟಕ-ದಮನಕರೆಂಬ ನರಿಗಳು 'ಕಲೀಲ ಮತ್ತು ದಿಮ್ನ' ಆದ ಕಥೆ ಹಲವರಿಗೆ ಗೊತ್ತಿದೆ. ಸಿರಿಯಾಕ್ ಭಾಷೆಯಲ್ಲಿದ್ದ ಆ ಕೃತಿಯನ್ನು 1885ರಲ್ಲಿ ಇಂಗ್ಲಿಷಿಗೆ ತಂದವನು ಇದೇ ಸೈಕಲ್ ಸವಾರ. ದುರ್ಗಸಿಂಹ ಹನ್ನೊಂದನೆಯ ಶತಮಾನದಲ್ಲಿ ಕನ್ನಡಕ್ಕೆ ತಂದ ಕಥೆಗಳ ದಾಯಾದಿಗಳನ್ನೇ ಕೀತ್-ಫಾಕನರ್ ಬೇರೊಂದು ದಾರಿಯಿಂದ ಎದುರುಗೊಂಡ. ಮರುವರ್ಷ ಕೇಂಬ್ರಿಡ್ಜಿನಲ್ಲಿ ಅರಬ್ಬಿಯ ಪ್ರಾಧ್ಯಾಪಕನಾದ. ಅದರ ಮರುವರ್ಷವೇ, 1887ರಲ್ಲಿ, ಏಡನ್ ಬಳಿ ಜ್ವರದಿಂದ ತೀರಿಕೊಂಡ. ಆಗ ವಯಸ್ಸು ಮೂವತ್ತು.

1878ರಲ್ಲಿ ಆತ ಕೇಂಬ್ರಿಡ್ಜಿನಲ್ಲಿ ಜಾನ್ ಕೀನ್ ಎಂಬ ಸವಾರನೊಡನೆ ಐದು ಮೈಲಿಯ ಓಟದಲ್ಲಿ ಸೆಣಸಿದ. ಕೀನ್ ಸೈಕಲ್ ತಯಾರಿಸುತ್ತಿದ್ದ ಕುಶಲಕರ್ಮಿ, ಹಣಕ್ಕಾಗಿ ಓಡುತ್ತಿದ್ದ ವೃತ್ತಿಪರ ಸವಾರ. ಕೀತ್-ಫಾಕನರ್ ಕೆಲವೇ ಗಜಗಳಿಂದ ಗೆದ್ದ. ಫಲಿತಾಂಶಕ್ಕಿಂತ ಗಮನಾರ್ಹವಾದದ್ದು ಇಬ್ಬರೂ ಒಂದೇ ಗೆರೆಯ ಮೇಲೆ ನಿಂತದ್ದು. ಆ ಕಾಲದ ಇಂಗ್ಲೆಂಡಿನಲ್ಲಿ ಹವ್ಯಾಸಿ ಮತ್ತು ವೃತ್ತಿಪರ ಎಂಬ ಭೇದ ಬಹು ಬಿಗಿಯಾಗಿತ್ತು. ಕೆಲವು ಕ್ರೀಡಾಸಂಘಗಳಂತೂ ಕೈಕಸುಬಿನವರನ್ನು, ಕೂಲಿಕಾರರನ್ನು 'ಹವ್ಯಾಸಿ' ಎಂದು ಒಪ್ಪಲು ನಿಯಮದಲ್ಲಿಯೇ ನಿರಾಕರಿಸಿದ್ದವು. ಆಟದ ಶುದ್ಧತೆಯ ಹೆಸರಿನಲ್ಲಿ ಬಾಗಿಲು ಮುಚ್ಚುತ್ತಿದ್ದುದು ದುಡಿದು ತಿನ್ನುವವರಿಗೆ.

ಕಲ್ಲು ಕಡಿಯುವವರ ಊರು

ಬ್ಲೂಮಿಂಗ್ಟನ್‌ನಲ್ಲಿಯೂ ಇಂಥದೇ ಒಂದು ಗೆರೆ ಇತ್ತು. ಅದು ಯಾವ ನಿಯಮದ ಪುಸ್ತಕದಲ್ಲಿಯೂ ಇರಲಿಲ್ಲ.

ಆ ಪ್ರದೇಶ ಸುಣ್ಣಕಲ್ಲಿನ ಗಣಿಗಳಿಗೆ ಹೆಸರಾದದ್ದು. ನ್ಯೂಯಾರ್ಕಿನ ಎಂಪೈರ್ ಸ್ಟೇಟ್ ಕಟ್ಟಡದ ಹೊರಮೈಗೆ ಹೊದಿಸಿದ್ದು ಇಂಡಿಯಾನಾದ ಕಲ್ಲನ್ನೇ. ವಿಶ್ವವಿದ್ಯಾನಿಲಯದ ಭವ್ಯ ಕಟ್ಟಡಗಳು ಎದ್ದುನಿಂತಿರುವುದೂ ಆ ಕಲ್ಲಿನಿಂದ. ಕಲ್ಲು ಕಡಿದವರು ಊರಿನವರು. ಆ ಕಲ್ಲಿನ ಸೂರಿನಡಿ ಓದಲು ಬಂದವರು ಹೊರಗಿನ ಊರುಗಳ ಅನುಕೂಲಸ್ಥರ ಮಕ್ಕಳು. ಕಟ್ಟಿದವರ ಮಕ್ಕಳಿಗೆ ಆ ಆವರಣ ಪರಕೀಯವೆನಿಸುವ ಸ್ಥಿತಿ. ನಮ್ಮ ಊರುಗಳಲ್ಲಿಯೂ ದೊಡ್ಡ ಕಟ್ಟಡದ ಗಾರೆ ಕೆಲಸ ಮಾಡಿದವರು ಅದರ ಗೇಟಿನ ಬಳಿ ಅಳುಕಿ ನಿಲ್ಲುವುದನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಈ ವಿರಸವನ್ನು ಕಥೆಯಾಗಿಸಿದವರು ಸ್ಟೀವ್ ಟೆಸಿಚ್. ಯುಗೊಸ್ಲಾವಿಯಾದಲ್ಲಿ 1942ರಲ್ಲಿ ಹುಟ್ಟಿ, ಹದಿನಾಲ್ಕನೆಯ ವಯಸ್ಸಿನಲ್ಲಿ ಇಂಡಿಯಾನಾದ ಕೈಗಾರಿಕಾ ಪಟ್ಟಣವೊಂದಕ್ಕೆ ವಲಸೆ ಬಂದವರು. ವಿಶ್ವವಿದ್ಯಾನಿಲಯದಲ್ಲಿ ಓದುತ್ತಿದ್ದಾಗ 1962ರ ಓಟದಲ್ಲಿ ಅವರು ಫೈ ಕ್ಯಾಪ್ಪ ಸೈ ತಂಡದ ಬದಲಿ ಸವಾರ. ಆ ವರ್ಷ ತಂಡವನ್ನು ಗೆಲ್ಲಿಸಿದವರು ಡೇವ್ ಬ್ಲೇಸ್. 200 ಸುತ್ತುಗಳಲ್ಲಿ 139ನ್ನು ಅವರೊಬ್ಬರೇ ಓಡಿಸಿದರು. ಅಂದರೆ ನಾಲ್ವರು ಹಂಚಿಕೊಳ್ಳಬೇಕಾದ 80 ಕಿಲೋಮೀಟರಿನಲ್ಲಿ ಸುಮಾರು 56 ಕಿಲೋಮೀಟರು. ಬ್ಲೇಸ್‌ರಿಗೆ ಸೈಕಲ್ಲಿನಷ್ಟೇ ಇಟಲಿಯ ಸಂಗೀತವೂ ಪ್ರಿಯ.

ಟೆಸಿಚ್ ಈ ಗೆಳೆಯನ ಹುಚ್ಚನ್ನು ಕಲ್ಲು ಕಡಿಯುವವನ ಮಗನೊಬ್ಬನಿಗೆ ತೊಡಿಸಿ ಚಿತ್ರಕಥೆ ಬರೆದರು. 'ಬ್ರೇಕಿಂಗ್ ಅವೇ' ಎಂಬ ಆ ಚಿತ್ರವನ್ನು ಪೀಟರ್ ಯೇಟ್ಸ್ ನಿರ್ದೇಶಿಸಿದರು. 1979ರಲ್ಲಿ ತೆರೆಕಂಡ ಚಿತ್ರಕ್ಕೆ ಅತ್ಯುತ್ತಮ ಮೂಲ ಚಿತ್ರಕಥೆಯ ಆಸ್ಕರ್ ಪ್ರಶಸ್ತಿ ಬಂತು. ಊರಿನ ನಾಲ್ವರು ಹುಡುಗರು ಕಾಲೇಜಿನವರ ಅಣಕದ ಹೆಸರನ್ನೇ ಎದೆಯ ಮೇಲೆ ಬರೆದುಕೊಂಡು, 'ಕಟ್ಟರ್ಸ್' ಎಂಬ ತಂಡವಾಗಿ ಓಟಕ್ಕೆ ಇಳಿಯುವುದು ಕಥೆಯ ಸಾರ. ನಾಯಕ ಹೆದ್ದಾರಿಯಲ್ಲಿ ಲಾರಿಯ ಬೆನ್ನಿಗೆ ಅಂಟಿ ಮೈಮರೆತು ತುಳಿಯುವ ದೃಶ್ಯವನ್ನು ಕಂಡವರು ಮರೆಯಲಾರರು. ಮುಂದಿನ ವಾಹನ ಗಾಳಿಯನ್ನು ಸೀಳಿಕೊಟ್ಟರೆ ಸೈಕಲ್ಲು ಎಷ್ಟು ವೇಗ ಪಡೆಯಬಲ್ಲದು ಎಂಬುದಕ್ಕೆ ಅದು ಒಳ್ಳೆಯ ಪಾಠ. ನಮ್ಮ ರಸ್ತೆಗಳಲ್ಲಿ ಅನುಕರಿಸಲು ಮಾತ್ರ ಯೋಗ್ಯವಲ್ಲ.

ಚಿತ್ರದಲ್ಲಿ ಊರ ಹುಡುಗರಿಗೆ ಓಟದಲ್ಲಿ ಸ್ಥಾನ ಸಿಗುತ್ತದೆ. ವಾಸ್ತವದಲ್ಲಿ ಓಟ ವಿಶ್ವವಿದ್ಯಾನಿಲಯದ ವಿದ್ಯಾರ್ಥಿಗಳಿಗೆ ಮಾತ್ರ. ಆದರೂ ಕಥೆ ನಿಜಜೀವನದ ಮೇಲೆ ತನ್ನ ಗುರುತು ಬಿಟ್ಟಿತು. ಅಲ್ಲಿಯವರೆಗೆ ಓಟದಲ್ಲಿ ಮುಂಚೂಣಿಯಲ್ಲಿರುತ್ತಿದ್ದುದು ಹೆಚ್ಚಾಗಿ 'ಫ್ರಟರ್ನಿಟಿ' ಎಂದು ಕರೆಯಲಾಗುವ, ಆಯ್ದ ಸದಸ್ಯರ ವಿದ್ಯಾರ್ಥಿ ಸಂಘಗಳು. 1984ರಲ್ಲಿ ಅಂಥ ಯಾವ ಸಂಘಕ್ಕೂ ಸೇರದ ವಿದ್ಯಾರ್ಥಿಗಳು 'ಕಟ್ಟರ್ಸ್' ಎಂಬ ಹೆಸರಿನಲ್ಲಿಯೇ ನಿಜವಾದ ತಂಡ ಕಟ್ಟಿದರು. ಮೊದಲ ವರ್ಷವೇ ಗೆದ್ದರು. 2007ರಿಂದ 2011ರವರೆಗೆ ಸತತ ಐದು ಸಲ ಗೆದ್ದರು. ಅಣಕದ ಮಾತಾಗಿ ಹುಟ್ಟಿದ ಹೆಸರು ಓಟದ ಅತ್ಯಂತ ಯಶಸ್ವಿ ತಂಡದ ಹೆಸರಾಯಿತು.

ಮೂರು ಗಾಲಿಯಿಂದ ಎರಡು ಗಾಲಿಗೆ

ಇನ್ನೊಂದು ಗೆರೆ ಇದಕ್ಕಿಂತ ಹೆಚ್ಚು ಕಾಲ ಉಳಿಯಿತು. 1951ರ ಓಟ ಗಂಡುಮಕ್ಕಳದು. ವಿದ್ಯಾರ್ಥಿನಿಯರಿಗೆಂದು 1950ರ ದಶಕದಲ್ಲಿ ಬೇರೆ ಸ್ಪರ್ಧೆಯನ್ನೇನೋ ಏರ್ಪಡಿಸಲಾಯಿತು. ಅದರ ಹೆಸರು 'ಮಿನಿ 500'. ಅದರಲ್ಲಿ ಅವರು ಓಡಿಸಬೇಕಾಗಿದ್ದುದು ಮಕ್ಕಳ ಮೂರು ಗಾಲಿಯ ಸೈಕಲ್ಲನ್ನು! ಪದವಿ ಓದುವ ಹೆಣ್ಣುಮಕ್ಕಳು ಮಂಡಿ ಮಡಚಿ ಟ್ರೈಸಿಕಲ್ ತುಳಿಯುವುದು ನೋಡುಗರಿಗೆ ತಮಾಷೆಯಾಗಿ ಕಂಡಿರಬೇಕು. ಹೆಣ್ಣುಮಕ್ಕಳ ಕ್ರೀಡೆಯನ್ನು ಆ ಕಾಲ ಎಷ್ಟು ಗಂಭೀರವಾಗಿ ಪರಿಗಣಿಸಿತ್ತು ಎಂಬುದಕ್ಕೆ ಆ ಮೂರು ಗಾಲಿಗಳೇ ಸಾಕ್ಷಿ.

1987ರಲ್ಲಿ ಕ್ಯಾಪ್ಪ ಆಲ್ಫಾ ಥೀಟಾ ಎಂಬ ವಿದ್ಯಾರ್ಥಿನಿಯರ ಸಂಘದ ತಂಡವೊಂದು ಪುರುಷರ ಓಟದ ಅರ್ಹತಾ ಸುತ್ತಿಗೇ ಹೋಗಿ ನಿಂತಿತು. ನಾಲ್ವರೂ ಒಂದೊಂದು ಸುತ್ತು ಓಡಿಸಿ ತೆಗೆದುಕೊಂಡ ಒಟ್ಟು ಸಮಯವನ್ನು ಅಳೆದು 33 ತಂಡಗಳನ್ನು ಆರಿಸುವ ಪರೀಕ್ಷೆ ಅದು. ಅವರು ಕೂದಲೆಳೆಯ ಅಂತರದಲ್ಲಿ ಸ್ಥಾನ ತಪ್ಪಿಸಿಕೊಂಡರು. ಸೋತರೂ ಅವರ ಮಾತು ಸೋಲಲಿಲ್ಲ. 1988ರಲ್ಲಿ ಮೊದಲ ಬಾರಿಗೆ ಮಹಿಳೆಯರ ಲಿಟಲ್ 500 ನಡೆಯಿತು. ಅವರಿಗೆ ಗೊತ್ತುಮಾಡಿದ್ದು 100 ಸುತ್ತು, 25 ಮೈಲಿ. ಪುರುಷರಿಗಿರುವುದರ ಸರಿಯಾಗಿ ಅರ್ಧ. ಸೈಕಲ್ಲು ಒಂದೇ ಆದರೂ ದೂರ ಒಂದೇ ಆಗಲಿಲ್ಲ.

ಅಮೆರಿಕದ ಉಳಿದ ವಿಶ್ವವಿದ್ಯಾನಿಲಯಗಳ ನಡುವೆ ನಡೆಯುವ ಅಂತರಕಾಲೇಜು ಸೈಕ್ಲಿಂಗ್ ಈ ವಿಷಯದಲ್ಲಿ ಬೇರೆ ದಾರಿ ಹಿಡಿದಿದೆ. ಅಲ್ಲಿ ಸವಾರರನ್ನು ಸಾಮರ್ಥ್ಯಕ್ಕನುಗುಣವಾಗಿ ಎ, ಬಿ, ಸಿ ಎಂದು ವಿಂಗಡಿಸುತ್ತಾರೆ. ಎಲ್ಲ ವರ್ಗಗಳವರ ಅಂಕಗಳೂ, ಗಂಡು ಹೆಣ್ಣು ಎನ್ನದೆ, ತಂಡದ ಒಟ್ಟು ಮೊತ್ತಕ್ಕೆ ಸೇರುತ್ತವೆ. ಮೊನ್ನೆ ತಾನೇ ಓಟ ಕಲಿತ ಹುಡುಗಿ ಗಳಿಸಿದ ಅಂಕಕ್ಕೂ ಬೆಲೆಯಿದೆ. ಹೀಗಾಗಿ ಹೊಸಬರನ್ನು ಕರೆತಂದು ಕಲಿಸುವುದು ತಂಡಗಳಿಗೆ ಔದಾರ್ಯವಲ್ಲ, ಅಗತ್ಯ. ಆದರೆ ಸೈಕಲ್ಲು ಮಾತ್ರ ಅವರವರದು. ಕಾರ್ಬನ್ ನಾರಿನ ಹಗುರ ಸೈಕಲ್ಲಿಗೆ ನಮ್ಮ ಲೆಕ್ಕದಲ್ಲಿ ಲಕ್ಷಗಟ್ಟಲೆ ಬೆಲೆ.

ನಮ್ಮ ರಸ್ತೆಗಳಲ್ಲಿ

ಭಾರತದಲ್ಲಿಯೂ ಅಂತರ ವಿಶ್ವವಿದ್ಯಾನಿಲಯ ಸೈಕ್ಲಿಂಗ್ ಸ್ಪರ್ಧೆಗಳು ನಡೆಯುತ್ತವೆ. ಕರ್ನಾಟಕದ ಮಟ್ಟಿಗೆ ಸೈಕ್ಲಿಂಗ್ ಎಂದರೆ ಮೊದಲು ನೆನಪಾಗುವುದು ವಿಜಯಪುರ, ಬಾಗಲಕೋಟೆ ಜಿಲ್ಲೆಗಳು. ಬೆಂಗಳೂರಿನ ಶ್ರೀಮಂತ ಬಡಾವಣೆಗಳಲ್ಲಿ ಬೆಳಗಿನ ವ್ಯಾಯಾಮಕ್ಕೆ ದುಬಾರಿ ಸೈಕಲ್ಲು ಏರುವವರಿಗಿಂತ ಬಹಳ ಮೊದಲೇ ಆ ಬಯಲುಸೀಮೆಯ ರೈತಾಪಿ ಮನೆಗಳ ಮಕ್ಕಳು ರಾಷ್ಟ್ರಮಟ್ಟದ ಸ್ಪರ್ಧೆಗಳಿಗೆ ಹೋಗಿ ಪದಕ ತಂದಿದ್ದಾರೆ. ಅಂಥ ಮನೆಯ ಹುಡುಗನಿಗೆ, ಹುಡುಗಿಗೆ ಎದುರಾಗುವ ಮೊದಲ ಏರು ರಸ್ತೆಯಲ್ಲಿರುವುದಿಲ್ಲ, ಸೈಕಲ್ಲಿನ ಬೆಲೆಪಟ್ಟಿಯಲ್ಲಿರುತ್ತದೆ.

ಸೈಕಲ್ಲು ಒಂದೇ ಆದರೆ ಏನಾಗಬಹುದು ಎಂಬುದನ್ನು ನಮ್ಮ ರಾಜ್ಯ ಇನ್ನೊಂದು ರೀತಿಯಲ್ಲಿ ಕಂಡಿದೆ. 2006-07ರಲ್ಲಿ ಸರ್ಕಾರ ಎಂಟನೆಯ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಡುವ ಯೋಜನೆ ಆರಂಭಿಸಿತು. ಅದು ನಡೆದ ವರ್ಷಗಳಲ್ಲಿ ಹಳ್ಳಿಯ ದಾರಿಗಳಲ್ಲಿ ಒಂದೇ ನಮೂನೆಯ ಸೈಕಲ್ಲುಗಳ ಸಾಲು ಬೆಳಗಾಗುತ್ತಲೇ ಕಾಣಿಸುತ್ತಿತ್ತು. ಪಕ್ಕದೂರಿನ ಹೈಸ್ಕೂಲು ದೂರವೆಂದು ಓದು ಬಿಡಬೇಕಾಗಿದ್ದ ಹೆಣ್ಣುಮಕ್ಕಳು ಅದರಲ್ಲಿದ್ದರು. ಅವರು ಯಾವ ಕಪ್ಪಿಗಾಗಿಯೂ ತುಳಿಯಲಿಲ್ಲ. ಆದರೂ ಶಾಲೆಯ ಗೇಟು ಮುಚ್ಚುವ ಮೊದಲು ತಲುಪಬೇಕಿತ್ತು.

ಬ್ಲೂಮಿಂಗ್ಟನ್‌ನ ಓಟ ಇಷ್ಟು ವರ್ಷಗಳಲ್ಲಿ ನಿಂತದ್ದು ಕೋವಿಡ್ ಹಾವಳಿಯ 2020ರಲ್ಲಿ. ಅದು ಇದುವರೆಗೆ ವಿದ್ಯಾರ್ಥಿವೇತನಗಳಿಗೆ ಕೊಟ್ಟಿರುವ ಹಣ ಹತ್ತು ಲಕ್ಷ ಡಾಲರಿಗೂ ಹೆಚ್ಚು. ಹಗಲು ಹೋಟೆಲಿನಲ್ಲೋ ಗ್ರಂಥಾಲಯದಲ್ಲೋ ದುಡಿದು ಓದುವ, ಬಹುಶಃ ಎಂದೂ ಆ ಕಿಟ್ಟದ ಪಥಕ್ಕೆ ಇಳಿಯದ ಮಕ್ಕಳಿಗೆ ಆ ಹಣ ಸಲ್ಲುತ್ತದೆ. ಗೆದ್ದ ತಂಡಕ್ಕೆ ಕಪ್ಪು ಸಿಗುತ್ತದೆ, ಚಪ್ಪಾಳೆ ಸಿಗುತ್ತದೆ. ಓಡದವರಿಗೆ ಶುಲ್ಕ ಕಟ್ಟಲು ನೆರವು ಸಿಗುತ್ತದೆ. ಹಾಸ್ಟೆಲಿನ ಸುತ್ತ ಸುತ್ತುತ್ತಿದ್ದ ಹುಡುಗರನ್ನು ನೋಡಿ ಹೌಡಿ ವಿಲ್ಕಾಕ್ಸ್ ಎಣಿಸಿದ ಗೆಲುವು ಇದೇ ಇರಬೇಕು.